ಸಂಡೇ ಸ್ಕೂಲಿಗೆ ಕೈಪಿಡಿಗೋಡೆ

ಹೊಸ ಮನೆ ಕಟ್ಟುವಾಗಲೇ ಮಾಳಿಗೆಯ ಸುತ್ತ ಕೈಪಿಡಿಗೋಡೆ ಎಬ್ಬಿಸಬೇಕು, ಇಲ್ಲವಾದರೆ ಬಿದ್ದು ಸತ್ತವರ ರಕ್ತಾಪರಾಧ ಮನೆಯವರದು ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ 22:8. ಸಭೆಯ (ಚರ್ಚಿನ) ಮಕ್ಕಳಿಗೆ ಆ ಗೋಡೆ ಎಂದರೆ ಮೊದಲೇ ಬರೆದು, ಪೋಷಕರೆದುರು ಓದಿದ ನಿಯಮ. ‘ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡುವಂಥವರು ನಮ್ಮ ಸಭೆಯಲ್ಲಿಲ್ಲ’ ಎಂಬ ನಂಬಿಕೆಯಲ್ಲೇ ಮೊದಲ ಬಿರುಕು ಬಿಡುತ್ತದೆ.

ಪ್ರತಿ ತರಗತಿಗೂ ಇಬ್ಬರು ಶಿಕ್ಷಕರಿರಲಿ. ಗಂಡ-ಹೆಂಡತಿ ಜೋಡಿಯನ್ನು ಒಬ್ಬರೆಂದೇ ಎಣಿಸಿ. ಬಾಗಿಲು ತೆರೆದಿರಲಿ. ಚಿಕ್ಕವರನ್ನು ಶೌಚಾಲಯಕ್ಕೆ ಇಬ್ಬಿಬ್ಬರಾಗಿ ಕರೆದೊಯ್ಯಿರಿ, ಶಿಕ್ಷಕಿ ಹೊರಗೆ ನಿಲ್ಲಲಿ. ಮಕ್ಕಳಿಗೆ ಒಂಟಿಯಾಗಿ ವಾಟ್ಸಾಪ್ ಮಾಡಬಾರದು, ಪೋಷಕರಿರುವ ಗ್ರೂಪ್ ಸಾಕು. ಹೊಸಬರು ಆರು ತಿಂಗಳು ಸಭೆಗೆ ಬಂದ ಮೇಲಷ್ಟೇ ಜವಾಬ್ದಾರಿ ಕೊಡಿ, ಹಿಂದಿನ ಸಭೆಗೆ ಫೋನ್ ಮಾಡಿ ವಿಚಾರಿಸಿ. ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ (ವಿಬಿಎಸ್) ಆಳು ಸಾಲದೆ ಈ ನಿಯಮವನ್ನೇ ಮೊದಲು ಸಡಿಲಿಸುತ್ತಾರೆ. ಆಳಿಲ್ಲದಿದ್ದರೆ ತರಗತಿ ಕಡಿಮೆ ಮಾಡಿ.

ಮಗು ಏನಾದರೂ ಹೇಳಿಕೊಂಡರೆ ಸುಮ್ಮನೆ ಕೇಳಿಸಿಕೊಳ್ಳಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಕೆದಕಬೇಡಿ. ಮಗುವಿನ ಮಾತನ್ನೇ ಬರೆದಿಡಿ: ‘ಅಂಕಲ್ ಚಡ್ಡಿ ಒಳಗೆ ಕೈ ಹಾಕಿದ್ರು’ ಎಂದರೆ ಅದನ್ನೇ. ಅದನ್ನು ‘ಅನುಚಿತ ವರ್ತನೆ’ ಎಂದು ತಿದ್ದಿದರೆ ಸಾಕ್ಷ್ಯ ಸಡಿಲಾಗುತ್ತದೆ. ದಿನಾಂಕ, ಸಮಯ, ಸಹಿ ಹಾಕಿ.

ಅದೇ ದಿನ ಪೊಲೀಸ್ ಠಾಣೆಗೆ ತಿಳಿಸಿ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ತಿಳಿಸಲೇಬೇಕು, ಪಾಸ್ಟರ್ ಕೂಡ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ತಮ್ಮ ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಮಗುವನ್ನು ಠಾಣೆಗೆ ಅಲೆಸುತ್ತಾರೆಂಬ ಭಯವೂ ಬೇಡ. ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಹೇಳಿಕೆ ಪಡೆಯಬೇಕು, ಅಧಿಕಾರಿ ಸಮವಸ್ತ್ರದಲ್ಲಿರಬಾರದು ಎಂದು ಕಾಯ್ದೆಯೇ ಹೇಳುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಹಿರಿಯರ ಕೂಟದಲ್ಲಿ. ಮತ್ತಾಯ 18:15 ತೋರಿಸಿ, ‘ನೀವಿಬ್ಬರೇ ಮಾತಾಡಿಕೊಳ್ಳಿ’ ಎಂದು ಮಗುವನ್ನು ಆರೋಪಿಯ ಮುಂದೆ ಕೂರಿಸಿ ಕ್ಷಮಿಸು ಎನ್ನುತ್ತಾರೆ. ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎನ್ನುವ, ಅದೇ ಅಧ್ಯಾಯದ 6ನೇ ವಚನವನ್ನು ಯಾರೂ ಓದುವುದಿಲ್ಲ. ಬೈಬಲಿನಲ್ಲಿ ಮಲಅಣ್ಣನಿಂದಲೇ ಅತ್ಯಾಚಾರಕ್ಕೊಳಗಾದ ರಾಜ ದಾವೀದನ ಮಗಳು ತಾಮಾರಳಿಗೂ ಅವಳ ಅಣ್ಣ ಅಬ್ಷಾಲೋಮ ಸುಮ್ಮನಿರು ಎಂದೇ ಹೇಳಿದ. ದಾವೀದ ಸಿಟ್ಟಾದ, ಆದರೆ ಮಗಳಿಗೆ ನ್ಯಾಯ ಕೊಡಲಿಲ್ಲ. ಸಭೆಯೊಳಗೆ ವಿಚಾರಣೆ ನಡೆಸಬೇಡಿ. ಆರೋಪಿ ಪಾಸ್ಟರ್ ಮಗನೇ ಆದರೂ ಅಂದೇ ಮಕ್ಕಳ ಕೆಲಸದಿಂದ ದೂರವಿಡಿ. ಮಗುವಿನ ಹೆಸರು ಪ್ರಾರ್ಥನಾ ಗ್ರೂಪಿನಲ್ಲೂ ಬರಬಾರದು.

1098 ಎಂದು ದೊಡ್ಡದಾಗಿ ಬರೆದು ತರಗತಿಯ ಗೋಡೆಗೆ ಅಂಟಿಸಿ, ನೆಲದಿಂದ ಮೂರಡಿ ಎತ್ತರದಲ್ಲಿ, ಮಕ್ಕಳ ಕಣ್ಣಿಗೆ ಬೀಳುವಂತೆ.