ಪರದೆಯ ಮೇಲೆ ಎರಡು ಗೆರೆ: ಶಾಲೆಯ ಸಂಗೀತ ತರಗತಿಯಲ್ಲಿ ನನ್ನ ಅನುಭವ

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತೇನೆ. ಒಂದೊಂದು ತರಗತಿಗೆ ವಾರಕ್ಕೆ ಎರಡು ಪೀರಿಯಡ್, ತರಗತಿಯಲ್ಲಿ 40ಕ್ಕಿಂತ ಜಾಸ್ತಿ ಮಕ್ಕಳು. ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆಯಾಗಿ ಕೇಳೋಣ ಅಂತ ಕೂತರೆ ಅಷ್ಟರಲ್ಲಿ ಗಂಟೆ ಹೊಡೆದುಬಿಡುತ್ತದೆ. ನಾನು ಕಲಿತದ್ದು ಗುರುಗಳ ಎದುರು ಕೂತು. ಅವರು ತಂಬೂರಿ ಮೀಟುತ್ತಿದ್ದರು, ನಾನು ಒಬ್ಬಳೇ ಹಾಡುತ್ತಿದ್ದೆ, ತಪ್ಪಿದ ಕೂಡಲೇ ತಿದ್ದುತ್ತಿದ್ದರು. ಆ ರೀತಿ ಇಲ್ಲಿ ನಡೆಯುವುದಿಲ್ಲ ಅಂತ ಮೊದಲ ತಿಂಗಳಲ್ಲೇ ಗೊತ್ತಾಯಿತು.

ಬಸ್ಸಿನಲ್ಲಿ ತಂಬೂರಿ ಹೊತ್ತು ತರುವುದು ಆಗದ ಮಾತು. ಹಾಗಾಗಿ ನನ್ನ ಎಲೆಕ್ಟ್ರಾನಿಕ್ ತಂಬೂರಿಯನ್ನೇ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದೆ. ಕೊಳಲು ನುಡಿಸುವ ಎಂಜಿನಿಯರ್ ಒಬ್ಬರು, ಬೆಂಗಳೂರಿನ ಜಿ. ರಾಜ್ ನಾರಾಯಣ್, 1970ರ ದಶಕದ ಕೊನೆಯಲ್ಲಿ ಇಂಥ ಪೆಟ್ಟಿಗೆ ಮಾಡಿದರು ಅಂತ ಮಕ್ಕಳಿಗೆ ಹೇಳಿದರೆ ಅವರ ಕಣ್ಣು ಅರಳುತ್ತದೆ. ಈಗ ಅದೇ ಕೆಲಸವನ್ನು ಫೋನಿನ ತಂಬೂರಿ ಆ್ಯಪ್ ಮಾಡುತ್ತದೆ. ದನಿ ಸಾಲದಿದ್ದರೆ ಒಂದು ಸ್ಪೀಕರ್ ಬೇಕು. ಕರೆಂಟು ಹೋಗಿ ಸ್ಪೀಕರಿನ ಚಾರ್ಜೂ ಮುಗಿದಿದ್ದ ಒಂದು ದಿನ, ಬಿಸಿಯೂಟದ ಕೋಣೆಯಿಂದ ಖಾಲಿ ಪಾತ್ರೆ ತಂದು ಅದರೊಳಗೆ ಫೋನ್ ಇಟ್ಟೆವು. ಸಣ್ಣ ಕೊಠಡಿಗೆ ಸಾಕಾಗುವಷ್ಟು ನಾದ ಬಂತು.

ಇಷ್ಟಾದರೂ ನನ್ನ ದೊಡ್ಡ ಕಷ್ಟ ಹಾಗೇ ಇತ್ತು. ಯಾರು ಶ್ರುತಿಗೆ ನಿಂತಿದ್ದಾರೆ, ಯಾರು ನಿಂತಿಲ್ಲ ಅನ್ನೋದು ನನಗೆ ಕೇಳುತ್ತಿತ್ತು, ಮಕ್ಕಳಿಗೆ ಕೇಳುತ್ತಿರಲಿಲ್ಲ. "ಸ್ವಲ್ಪ ಮೇಲೆ ಹೋಗು" ಅಂದರೆ ಜೋರಾಗಿ ಹಾಡುತ್ತಿದ್ದರು. ಮೇಲೆ ಅನ್ನೋ ಮಾತು ಅವರಿಗೆ ದನಿ ಏರಿಸುವುದು ಅಂತಲೇ ಅರ್ಥ ಆಗುತ್ತಿತ್ತು.

ಆಗ ಸ್ವರದ ಗೆರೆ ತೋರಿಸುವ ಆ್ಯಪ್ ಒಂದನ್ನು ತಂದೆ. ಇಂಥವು ಬೇಕಾದಷ್ಟು ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ನಾವು ಹಾಡಿದ ಹಾಗೆ ಪರದೆಯ ಮೇಲೆ ಒಂದು ಗೆರೆ ಮೂಡುತ್ತಾ ಹೋಗುತ್ತದೆ. ಸ್ವರ ಏರಿದರೆ ಗೆರೆ ಏರುತ್ತದೆ, ನಿಂತರೆ ಸಪಾಟಾಗಿ ನಿಲ್ಲುತ್ತದೆ. ಜೋರಾಗಿ ಕೂಗಿದರೆ ಅದು ಏರುವುದಿಲ್ಲ. ಇದನ್ನು ನೋಡಿದ ಕೂಡಲೇ "ಮೇಲೆ" ಅಂದರೆ ಏನು ಅನ್ನೋದು ಒಂದೇ ಪೀರಿಯಡ್ಡಿನಲ್ಲಿ ಅರ್ಥವಾಯಿತು. ಒಂದು ವಿಷಯ ಗಮನಿಸಿ. ಈ ಆ್ಯಪ್‌ಗೆ ಒಂದು ಸಲಕ್ಕೆ ಒಂದೇ ದನಿ ಕೇಳಬೇಕು. ಸ್ಪೀಕರಿನಲ್ಲಿ ತಂಬೂರಿ ಹಾಕಿದರೆ ಮೈಕು ಅದನ್ನೂ ಹಿಡಿದು ಗೆರೆ ಎತ್ತೆತ್ತಲೋ ಹಾರುತ್ತದೆ. ಅದಕ್ಕೆ ಬೇರೆ ಫೋನಿನಿಂದ ಹಾಡುವ ಮಗುವಿನ ಒಂದು ಕಿವಿಗೆ ಇಯರ್‌ಫೋನಿನಲ್ಲಿ ತಂಬೂರಿ ಕೊಡುತ್ತೇನೆ. ಇನ್ನೊಂದು ಕಿವಿ ತನ್ನ ದನಿ ಕೇಳಲು ಬಿಟ್ಟಿರಬೇಕು.

ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯಲ್ಲಿ ಇದರ ಉಪಯೋಗ ತುಂಬಾ. ಅದನ್ನು ಹಾಡುವ ಮಾಯಾಮಾಳವಗೌಳ ರಾಗದಲ್ಲಿ ರಿಷಭ (ರಿ) ಷಡ್ಜಕ್ಕೆ (ಸ) ತೀರಾ ಹತ್ತಿರ. ಮಕ್ಕಳು ಅದನ್ನು ಸುಮ್ನೆ ಏರಿಸಿಬಿಡುತ್ತಾರೆ, ಶಂಕರಾಭರಣ ರಾಗದ ಎತ್ತರದ ರಿಷಭ ಆಗಿಹೋಗುತ್ತದೆ. ಎಷ್ಟು ಸಲ ಹಾಡಿ ತೋರಿಸಿದರೂ ತಿದ್ದದ ಈ ತಪ್ಪು, ಸ ಮತ್ತು ರಿ ನಡುವೆ ಗೆರೆ ಎಷ್ಟು ಸಣ್ಣ ಮೆಟ್ಟಿಲು ಹತ್ತಬೇಕು ಅಂತ ಕಣ್ಣಾರೆ ಕಂಡ ಮೇಲೆ ಬೇಗ ತಿದ್ದಿತು.

ಇನ್ನು ಒಬ್ಬ ಹುಡುಗನ ವಿಷಯ. ಒಂಬತ್ತನೇ ತರಗತಿ, ದನಿ ಒಡೆದು ಆರು ತಿಂಗಳಾಗಿರಬಹುದು. ಅವನಿಗೆ ಶ್ರುತಿಯೇ ಸೇರುವುದಿಲ್ಲ ಅಂತ ತರಗತಿಯೆಲ್ಲ ತೀರ್ಮಾನ ಮಾಡಿತ್ತು. ಹೇಳಲು ಸಂಕಟ ಆಗುತ್ತದೆ, ನಾನೂ ಹಾಗೇ ಅಂದುಕೊಂಡಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು ಬರೀ ತುಟಿ ಆಡಿಸುತ್ತಿದ್ದ.

ಒಂದು ದಿನ ಆ್ಯಪ್‌ನ ಪರದೆ ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರಿನಿಂದ ಬಿಳಿ ಬೋರ್ಡಿನ ಮೇಲೆ ಬೀಳುತ್ತಿತ್ತು. ಮೊದಲು ಒಬ್ಬ ಹುಡುಗಿ ಐದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು ಸ ಮಾಡಿಕೊಂಡು, ಸ ರಿ ಗ ಮ ಪ ದ ನಿ ಸ ಹಾಡಿದಳು. ಅವಳ ಗೆರೆಯ ಮೇಲೆ ನೀಲಿ ಮಾರ್ಕರ್ ಆಡಿಸಿ ಬೋರ್ಡಿನಲ್ಲೇ ಉಳಿಸಿಕೊಂಡೆ. ಆಮೇಲೆ ಇವನನ್ನು ಕರೆದೆ. "ನಂಗೆ ಬರಲ್ಲ ಮಿಸ್" ಅಂದ. "ಬಾರೋ ಪುಟ್ಟ, ಒಂದೇ ಸಲ" ಅಂದೆ. ಕಿವಿಗೆ ತಂಬೂರಿ ಇಟ್ಟುಕೊಂಡು ನೆಲ ನೋಡುತ್ತಾ ಹಾಡಿದ. ಅವನ ಗೆರೆ ನೀಲಿ ಗೆರೆಯ ಕೆಳಗೆ ಬಂತು. ಆದರೆ ಅವಳು ಸಣ್ಣ ಮೆಟ್ಟಿಲು ಹತ್ತಿದ ಕಡೆ ಇವನೂ ಸಣ್ಣ ಮೆಟ್ಟಿಲು, ದೊಡ್ಡದು ಹತ್ತಿದ ಕಡೆ ದೊಡ್ಡದು. ಎರಡು ಗೆರೆಯೂ ರೈಲು ಹಳಿಯ ಹಾಗೆ ಕೊನೆಯವರೆಗೂ ಜೊತೆಯಲ್ಲೇ ಹೋದವು.

ಆ್ಯಪ್ ತೋರಿಸುವ ಅಂಕಿ ನೋಡಿದೆ. ಹುಡುಗಿಯ ಷಡ್ಜ 196 ಹರ್ಟ್ಜ್ ಹತ್ತಿರ, ಇವನದು 147ರ ಹತ್ತಿರ. ನಾಲ್ಕಕ್ಕೆ ಮೂರು, ಸ ಮತ್ತು ಅದರ ಕೆಳಗಿನ ಪ ನಡುವಿನ ಲೆಕ್ಕ. ಅಂದರೆ ಇವನು ತಂಬೂರಿಯ ಮೊದಲ ತಂತಿಯನ್ನು, ಆ ಕೆಳಗಿನ ಪ ಆದ ಮಂದ್ರದ ಪಂಚಮವನ್ನು, ತನ್ನ ಷಡ್ಜ ಮಾಡಿಕೊಂಡಿದ್ದ. ಒಡೆದ ದನಿಗೆ ಎಟುಕಿದ ನಾದವನ್ನು ಸರಿಯಾಗಿ ಹಿಡಿದು, ಅಲ್ಲಿಂದ ಒಂದು ಸ್ವರವೂ ತಪ್ಪದೆ ಹಾಡಿದ್ದ. ಅವನ ಕಿವಿ ಚೆನ್ನಾಗಿತ್ತು. ನಾನು ಇಟ್ಟ ಶ್ರುತಿ ಅವನದಾಗಿರಲಿಲ್ಲ, ಅಷ್ಟೇ. ಫೋನಿನಲ್ಲಿ ತಂಬೂರಿಯನ್ನು ಎರಡು ಮನೆಗೆ ಇಳಿಸಿ ಸ್ಪೀಕರಿನಲ್ಲಿ ಹಾಕಿ ಮತ್ತೆ ಹಾಡಿಸಿದೆ. ತಂಬೂರಿಯೂ ಅವನೂ ಒಂದಾದರು. ತರಗತಿಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅವನು ತಲೆ ಎತ್ತಿ ಬೋರ್ಡು ನೋಡಿದ.

ಆವತ್ತಿನಿಂದ ಪ್ರತಿ ವರ್ಷ ಜೂನ್ ತಿಂಗಳಲ್ಲೇ ಪ್ರತಿ ಮಗುವಿನ ಶ್ರುತಿ ನೋಡಿ ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಪೆನ್ಸಿಲೇ ಬೇಕು. ಎಂಟು, ಒಂಬತ್ತನೇ ತರಗತಿಯ ಹುಡುಗರ ದನಿ ದಸರೆ ರಜೆ ಮುಗಿಯುವಷ್ಟರಲ್ಲಿ ಬದಲಾಗಿರುತ್ತದೆ.

ಮನೆಯ ಅಭ್ಯಾಸಕ್ಕೆ ವಾಟ್ಸ್ಆ್ಯಪ್ ಬಳಸುತ್ತೇನೆ. ಸಾಲು ಸಾಲಾಗಿ ನಾನೇ ಹಾಡಿ ಕಳಿಸುತ್ತೇನೆ, ಪ್ರತಿ ಸಾಲಿನ ನಂತರ ಅಷ್ಟೇ ಹೊತ್ತು ಬರೀ ತಂಬೂರಿ ಬಿಡುತ್ತೇನೆ. ಆ ಖಾಲಿ ಜಾಗ ಮಕ್ಕಳು ತಿರುಗಿ ಹಾಡಲು. ಇದಿಲ್ಲದಿದ್ದರೆ ನನ್ನ ದನಿಯ ಜೊತೆ ಗುನುಗಿ ಮುಗಿಸಿಬಿಡುತ್ತಾರೆ. ಒಂದು ಸಲ ಮಕ್ಕಳೆಲ್ಲ ಕೀರ್ತನೆಯೊಂದನ್ನು ಓಡುತ್ತಾ ಹಾಡಿದರು. ವಿಚಾರಿಸಿದರೆ, ವಾಯ್ಸ್ ಮೆಸೇಜನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ್ದರು! ಈಗ ಮೊದಲೇ ತಾಳ ಹಾಕಿಸಿ ಕಾಲ ಗೊತ್ತು ಮಾಡಿಯೇ ಮನೆಗೆ ಕಳಿಸುತ್ತೇನೆ. ಮಕ್ಕಳು ಕಳಿಸಿದ ದನಿಯನ್ನು ಬೇರೆ ಎಲ್ಲೂ ಹಾಕುವುದಿಲ್ಲ. ಅಪ್ಪ ಅಮ್ಮನಿಗೆ ಈ ಮಾತು ಕೊಟ್ಟಿದ್ದೇನೆ.

ನಾಡಗೀತೆಗೆ ಆಡಾಸಿಟಿ ಅನ್ನೋ, ಕಂಪ್ಯೂಟರಿನಲ್ಲಿ ದನಿ ತಿದ್ದುವ ತಂತ್ರಾಂಶ ತುಂಬಾ ಒದಗಿತು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನೇ ಒಪ್ಪಿ, ಎರಡೂವರೆ ನಿಮಿಷದಲ್ಲಿ ಹಾಡಬೇಕು ಅಂತ ಗೊತ್ತು ಮಾಡಿತು. ಬೇರೆ ಬೇರೆ ಶಾಲೆಯಿಂದ ಬಂದ ಮಕ್ಕಳು ಬೇರೆ ಬೇರೆ ಥರ ಹಾಡುತ್ತಿದ್ದರು. ಶ್ರುತಿ ಬದಲಾಗದ ಹಾಗೆ ವೇಗ ಮಾತ್ರ ಕಡಿಮೆ ಮಾಡುವ ಸೌಲಭ್ಯ ಆಡಾಸಿಟಿಯಲ್ಲಿದೆ, ಅದೂ ಪುಕ್ಕಟೆ. ನಾನು ಹಾಡಿದ್ದನ್ನು ಕಾಲು ಭಾಗ ನಿಧಾನ ಮಾಡಿ ತಿರುವುಗಳನ್ನು ಕಲಿಸಿದೆ, ಆಮೇಲೆ ವಾರ ವಾರ ಸ್ವಲ್ಪ ಸ್ವಲ್ಪ ವೇಗ ಏರಿಸಿದೆ. ಕೊನೆಗೆ ಸ್ಟಾಪ್‌ವಾಚ್ ಹಿಡಿದವರು ಮಕ್ಕಳೇ.

ಬ್ಲೂಟೂತ್ ಸ್ಪೀಕರ್ ಬಗ್ಗೆ ಒಂದು ಮಾತು. ತಂಬೂರಿಗೆ ಅದು ಸಾಕು. ಆದರೆ ಫೋನಿನಲ್ಲಿ ಕೀಬೋರ್ಡ್ ಆ್ಯಪ್ ಒತ್ತಿ ಸ್ವರ ತೋರಿಸಲು ಹೋದರೆ ಬೆರಳಿಗೂ ನಾದಕ್ಕೂ ಅಂತರ ಬೀಳುತ್ತದೆ, ತಾಳ ಕೆಡುತ್ತದೆ. ಒಂದು ವೈರ್ ತಂದು ಸಿಕ್ಕಿಸಿದರೆ ಸರಿ ಹೋಗುತ್ತದೆ. ಕೋವಿಡ್ ಕಾಲದಲ್ಲಿ ಇದೇ ಅಂತರ ಇನ್ನೂ ಜಾಸ್ತಿ ಕಾಡಿತ್ತು. ಝೂಮ್‌ನಲ್ಲಿ ಎಲ್ಲರೂ ಒಟ್ಟಿಗೆ ಹಾಡಲು ಆಗಲೇ ಇಲ್ಲ. ಸಾಲದ್ದಕ್ಕೆ, ತಂಬೂರಿಯನ್ನು ಗದ್ದಲ ಅಂದುಕೊಂಡು ಅದು ಅಳಿಸಿಹಾಕುತ್ತಿತ್ತು. ಒರಿಜಿನಲ್ ಸೌಂಡ್ ಅನ್ನೋ ಆಯ್ಕೆ ಹಾಕಬೇಕು ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು.

ಈಗ ಅಭ್ಯಾಸಕ್ಕೆ ಎರಡು ಫೋನ್ ಇಡುತ್ತೇನೆ. ಹುಡುಗಿಯರು ಮತ್ತು ದನಿ ಒಡೆಯದ ಹುಡುಗರು ಕೊಠಡಿಯಲ್ಲಿ, ಉಳಿದ ಹುಡುಗರು ಹೊರಗೆ ಹೊಂಗೆ ಮರದ ಕೆಳಗೆ. ಎರಡು ಶ್ರುತಿ ಒಂದೇ ಕಡೆ ಇದ್ದರೆ ಇಬ್ಬರಿಗೂ ತೊಂದರೆ ಅಲ್ವಾ? ಹೊರಗಿನ ಗುಂಪನ್ನು ಆ ಹುಡುಗನೇ ನೋಡಿಕೊಳ್ಳುತ್ತಾನೆ. ಪೀರಿಯಡ್ ಶುರುವಾಗುವ ಮೊದಲೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಕೈ ಚಾಚುತ್ತಾನೆ. "ಮಿಸ್, ಫೋನ್ ಕೊಡಿ. ಎರಡು ಮನೆಗೆ ಇಟ್ಟೇ ಕೊಡಿ."