ದೆವ್ವ ಯಾವಾಗ ಬರುತ್ತೆ?

ಒಂದು ಸಿನಿಮಾಗೆ ನಾನು ಮೊದಲು ಮಾಡಿದ ಟೈಟಲ್, ಅಂದರೆ ಶುರುವಿನಲ್ಲಿ ಹೆಸರುಗಳು ಬರುವ ಭಾಗ, ಎಲ್ಲರಿಗೂ ಇಷ್ಟವಾಗಿತ್ತು. ಕಪ್ಪು ತೆರೆ, ಕೆಂಪು ಅಕ್ಷರ, ಪ್ರತಿ ಹೆಸರಿಗೂ ಪಿಟೀಲಿನ ಒಂದು ಕಿರುಚಾಟ. ನಿರ್ದೇಶಕರು ಎರಡೆರಡು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ಹತ್ತು ಜನರನ್ನು ಕೂರಿಸಿ ಇಡೀ ಸಿನಿಮಾ ತೋರಿಸಿದೆವು. ಅರ್ಧ ಗಂಟೆ ಆಗಿತ್ತೇನೋ, ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: "ದೆವ್ವ ಯಾವಾಗ ಬರುತ್ತೆ?"

ದೆವ್ವ ಇರಲೇ ಇಲ್ಲ. ಅಪ್ಪ ಮನೆ ಬಿಟ್ಟು ಹೋದಮೇಲೆ ತಾಯಿ, ಮಗಳು ದಿನ ದೂಡುವ ಕಥೆ ಅದು.

ತಪ್ಪು ನನ್ನದೇ. ನಾನು 1960ರ ಹಾಲಿವುಡ್ ಥ್ರಿಲ್ಲರ್ 'ಸೈಕೋ' ಗುಂಗಿನಲ್ಲಿದ್ದೆ. ಅದರ ಟೈಟಲ್‌ನಲ್ಲಿ ವಿನ್ಯಾಸಕ ಸಾಲ್ ಬಾಸ್ ಮಾಡಿದ ಪಟ್ಟಿಗಳು ಅಡ್ಡಡ್ಡ, ಉದ್ದುದ್ದ ನುಗ್ಗಿ ಹೆಸರುಗಳನ್ನೇ ಸೀಳುತ್ತವೆ. ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಉಸಿರು ಕಟ್ಟಿಸುತ್ತಾರೆ. ಆ ಸಿನಿಮಾದಲ್ಲಿ ಮುಂದೆ ಚಾಕು ಬರುತ್ತದೆ, ಹಾಗಾಗಿ ಸೀಳಿದ್ದಕ್ಕೂ ಅರ್ಥ ಇದೆ. ನಮ್ಮದರಲ್ಲಿ ಬರುವುದು ಹೊಲಿಗೆ ಮಿಷನ್.

ಮತ್ತೆ ಶುರು ಮಾಡುವಾಗ ಸೌಂಡ್ ಆಫ್ ಮಾಡಿ ಸಿನಿಮಾ ನೋಡಿದೆ. ಒಂದು ಶಾಟ್ ತಲೆಯಲ್ಲಿ ಉಳಿಯಿತು. ಗೋಡೆಯಿಂದ ಫೋಟೋ ತೆಗೆದಿದ್ದಾರೆ, ಆ ಜಾಗದಲ್ಲಿ ಮಾತ್ರ ಬಣ್ಣ ಮಾಸದೆ ಒಂದು ಚೌಕ ಉಳಿದಿದೆ. ಎಡಿಟಿಂಗ್‌ನಲ್ಲಿ ಬಿಟ್ಟ ತುಣುಕುಗಳಲ್ಲಿ ಅದೇ ಗೋಡೆ ಇನ್ನೂ ಮೂರು ಥರದ ಬೆಳಕಿನಲ್ಲಿ ಸಿಕ್ಕಿತು. ಟೈಟಲ್‌ಗೆ ಇದನ್ನು ಬಿಟ್ಟು ಬೇರೆ ದೃಶ್ಯವೇ ಬೇಡ ಅಂದುಕೊಂಡೆ.

ಜಾಸ್ತಿ ದಿನ ಹಿಡಿದದ್ದು ಅಕ್ಷರ. 1979ರ 'ಏಲಿಯನ್'ನಲ್ಲಿ ಸಿನಿಮಾದ ಹೆಸರು ಒಂದೇ ಸಲಕ್ಕೆ ಬರುವುದಿಲ್ಲ, ಒಂದೊಂದೇ ಗೆರೆಯಾಗಿ ಮೂಡುತ್ತದೆ. ಓದೋಕೆ ಆಗುವ ಮುಂಚೆಯೇ ಏನೋ ಕಳವಳ ಶುರುವಾಗಿರುತ್ತದೆ. ಕನ್ನಡದಲ್ಲಿ ಇದಕ್ಕೆ ತಲಕಟ್ಟು ಇದೆಯಲ್ವಾ! ಮೊದಲು ತಲಕಟ್ಟುಗಳನ್ನಷ್ಟೇ ತೋರಿಸಿದೆ. ಗೋಡೆಯಲ್ಲಿ ಮೊಳೆ ಕಿತ್ತ ಗುರುತುಗಳ ಥರ ಸಾಲಾಗಿ ಕಂಡವು. ಆಮೇಲೆ ಅಕ್ಷರದ ಮೈ, ಕೊನೆಗೆ ಒತ್ತು. ತೊಂದರೆ ಏನೆಂದರೆ ಬ, ಲ, ಜ, ಣ ಇವಕ್ಕೆಲ್ಲ ತಲಕಟ್ಟೇ ಇಲ್ಲ. ನಮ್ಮ ಛಾಯಾಗ್ರಾಹಕರ ಹೆಸರಲ್ಲಿ ಅಂಥವೇ ಮೂರು. ಸುಮ್ನೆ ಒಂದು ಸುಳ್ಳು ತಲಕಟ್ಟು ಇಟ್ಟು ನೋಡಿದೆ, ಅಸಹ್ಯವಾಗಿತ್ತು. ಖಾಲಿಯೇ ಬಿಟ್ಟೆ. ಫೋಟೋ ಇಲ್ಲದ ಗೋಡೆಗೆ ಅದೇ ಸರಿ ಅನ್ನಿಸಿತು.

ಅಕ್ಷರಗಳ ನಡುವೆ ಜಾಗ ಹೆಚ್ಚಿಸಲು ಹೋದರೆ ದೀರ್ಘದ ಚಿಹ್ನೆ ಕಳಚಿಕೊಂಡು ದೂರ ನಿಂತಿತು. ಸಾಫ್ಟ್‌ವೇರ್ ನಂಬದೆ ಒಂದೊಂದನ್ನೂ ಕೈಯಲ್ಲೇ ಎಳೆದು ಕೂರಿಸಿದೆ.

ಇನ್ನು ವೇಗ. ಮೊದಲಿನದರಲ್ಲಿ ಒಂದು ಹೆಸರಿಗೆ 48 ಫ್ರೇಮ್, ಅಂದರೆ ಎರಡು ಸೆಕೆಂಡ್. ಈಗ ಮೂಡಲು 36, ನಿಲ್ಲಲು 60, ಮಾಯವಾಗಲು 36. ಐದೂವರೆ ಸೆಕೆಂಡ್ ಆಯಿತು. ಹೆಸರು ಬರುವ 12 ಕಾರ್ಡ್‌ಗೆ 66 ಸೆಕೆಂಡ್. "ಜನ ಎದ್ದು ಹೋಗ್ತಾರೆ" ಅಂದರು ನಿರ್ಮಾಪಕರು. ಅವರ ಹೆಸರಿನ ಸೈಜ್ ಸ್ವಲ್ಪ ದೊಡ್ಡದು ಮಾಡಿದೆ, ಆ ಮಾತು ಅಲ್ಲಿಗೇ ನಿಂತಿತು.

ಸಂಗೀತ ಪೂರ್ತಿ ತೆಗೆದೆ. ಫ್ಯಾನ್ ತಿರುಗುವ ಸದ್ದು, ದೂರದಲ್ಲಿ ಮಿಷನ್ ಒಂದಷ್ಟು ಹೊಲಿದು ನಿಲ್ಲುವ ಸದ್ದು, ಅಷ್ಟೇ. ಕೊನೆಯ ಹೆಸರು ಹೋದಮೇಲೂ ಫ್ಯಾನ್ ಸದ್ದು ನಿಲ್ಲಿಸಲಿಲ್ಲ, ಮೊದಲ ದೃಶ್ಯದೊಳಕ್ಕೆ ಹಾಗೇ ಎಳೆದೆ. ಟೈಟಲ್ ಮುಗಿದದ್ದು ಎಲ್ಲಿ, ಕಥೆ ಶುರುವಾದದ್ದು ಎಲ್ಲಿ ಅಂತ ಗೊತ್ತಾಗಬಾರದಿತ್ತು.

ಎರಡನೇ ಸಲ ಬೇರೆ ಹತ್ತು ಜನರಿಗೆ ತೋರಿಸಿದೆವು. ಹೊರಗೆ ಬರುತ್ತಾ ಒಬ್ಬರು ಕೇಳಿದರು: "ಆ ಗೋಡೆ ಮೇಲಿದ್ದ ಫೋಟೋ ಯಾರದು, ಅಪ್ಪನದೇನಾ?" ನಿರ್ದೇಶಕರು ನನ್ನ ಕಡೆ ನೋಡಿದರು. ಛಾಯಾಗ್ರಾಹಕರದು ಮಾತ್ರ ಇವತ್ತಿಗೂ ಒಂದೇ ಗೊಣಗಾಟ. ಅವರ ಹೆಸರು ಹಲ್ಲು ಬಿದ್ದ ಬಾಯಿ ಥರ ಕಾಣುತ್ತದಂತೆ.