ತಾಮ್ರದ ಕಾಂಪ್ಲೆಕ್ಸ್ ಟ್ಯೂಬುಲಿನ್ ಮೇಲೆ ಕೆಲಸ ಮಾಡುತ್ತದೆಯೇ? ನಾನು ನೋಡಿದ ರೀತಿ

ಲೋಹದ ಕ್ಯಾನ್ಸರ್ ಔಷಧಿ ಅಂದರೆ ಎಲ್ಲರೂ ಹೇಳುವುದು 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಸ್‌ಪ್ಲಾಟಿನ್. ಅದರ ಮುಖ್ಯ ಗುರಿ ಡಿಎನ್‌ಎ. ನಾನು ಹಿಡಿದದ್ದು ಬೇರೆ ಗುರಿ, ಮೈಕ್ರೋಟ್ಯೂಬ್ಯೂಲ್. ಟ್ಯೂಬುಲಿನ್ ಪ್ರೋಟೀನು ಜೋಡಿಕೊಂಡು ಆಗುವ, ಸುಮಾರು 25 ನ್ಯಾನೋಮೀಟರ್ ದಪ್ಪದ ಕೊಳವೆ ಇದು. ಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನು ಎಳೆದು ಹಂಚುವುದು ಇವೇ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಸಿಗುವ ವಿನ್‌ಕ್ರಿಸ್ಟಿನ್ ಈ ಕೊಳವೆ ಕಟ್ಟಲು ಬಿಡುವುದಿಲ್ಲ. ನನ್ನ ತಾಮ್ರದ ಕಾಂಪ್ಲೆಕ್ಸೂ (ತಾಮ್ರಕ್ಕೆ ಲಿಗ್ಯಾಂಡ್ ಎಂಬ ಅಣು ಅಂಟಿಕೊಂಡ ಸಂಯುಕ್ತ) ಹಾಗೆ ಮಾಡುತ್ತದಾ ಅಂತ ನೋಡಬೇಕಿತ್ತು.

ಟ್ಯೂಬುಲಿನ್ ಕೊಂಡರೆ ದುಬಾರಿ. ಆಡಿನ ಮಿದುಳಿನಲ್ಲಿ ಅದು ಧಾರಾಳ. ಕಾರವಾರದಲ್ಲಿ ಐಸಿಗಂತೂ ಬರವಿಲ್ಲ. ಬೈತಖೋಲ ಬಂದರಿನಲ್ಲಿ ಮೀನಿಗೆ ಹಾಕುವ ಐಸನ್ನೇ ಥರ್ಮೋಕೋಲ್ ಡಬ್ಬಿಗೆ ತುಂಬಿಕೊಂಡು ಬೆಳಿಗ್ಗೆ ಮಟನ್ ಅಂಗಡಿ ಮುಂದೆ ನಿಲ್ಲುತ್ತಿದ್ದೆ. "ಮಾಸ್ತರೇ, ಭೇಜಾ ಫ್ರೈ ಜೋರಾ?" ಅಂತ ಅಂಗಡಿಯವರ ತಮಾಷೆ. ಆಮೇಲೆ ಕೊಳವೆ ಕಟ್ಟಲು ಬೇಕಾದ ಜಿಟಿಪಿ ಎಂಬ ಅಣು ಹಾಕಿ 37 ಡಿಗ್ರಿಯಲ್ಲಿ ಕೊಳವೆ ಕಟ್ಟಿಸುವುದು, ಐಸಿನಲ್ಲಿ ಬಿಚ್ಚಿಸುವುದು, ನಡುನಡುವೆ ಸೆಂಟ್ರಿಫ್ಯೂಜ್. ಪ್ರೋಟೀನು ಸಾಕಷ್ಟು ಶುದ್ಧವಾಗುತ್ತದೆ.

ಪರೀಕ್ಷೆ ಸುಲಭ. ಕೊಳವೆ ಕಟ್ಟಿದಂತೆ ದ್ರಾವಣ ಮಸುಕಾಗುತ್ತದೆ, 350 ನ್ಯಾನೋಮೀಟರಿನಲ್ಲಿ ಅಳೆಯಬಹುದು. ಕಷ್ಟ ಇರುವುದು ಗ್ರಾಫ್ ನಂಬುವುದರಲ್ಲಿ. ಸರಿಯಾಗಿ ಕರಗದ ಕಾಂಪ್ಲೆಕ್ಸ್ ಗಸಿಯಾದರೂ ಗೆರೆ ಏರುತ್ತದೆ. ಅದಕ್ಕೇ ಕೊನೆಗೆ ಐಸಿನಲ್ಲಿ ಇಡುತ್ತಿದ್ದೆ. ಕೊಳವೆಯಾದರೆ ಬಿಚ್ಚಿ ತಿಳಿಯಾಗುತ್ತದೆ, ಗಸಿ ಹಾಗೇ ಉಳಿಯುತ್ತದೆ. ಟ್ಯಾಕ್ಸಾಲ್ ಥರ ಕೊಳವೆಯನ್ನು ಗಟ್ಟಿ ಮಾಡುವ ಔಷಧಿಗೆ ಮಾತ್ರ ಇದು ಸಾಲದು, ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು.

ಗೆರೆ ಇಳಿದರೂ, ಅಂದರೆ ಕೊಳವೆ ಕಟ್ಟುವುದು ಕಡಿಮೆಯಾದರೂ, ಖುಷಿಪಡಬೇಡಿ. ಟ್ಯೂಬುಲಿನ್ ಜೋಡಿಯೊಂದರಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು 20 ಇವೆ. ತಾಮ್ರಕ್ಕೆ ಗಂಧಕ ಅಂದರೆ ಪ್ರಾಣ. ಬರೀ ತಾಮ್ರದ ಲವಣ ಕೂಡ ಅಲ್ಲಿ ಕಿತಾಪತಿ ಮಾಡಬಹುದು. ಹಾಗಾಗಿ ಲವಣ ಮಾತ್ರ, ಲಿಗ್ಯಾಂಡ್ ಮಾತ್ರ, ಎರಡೂ ಸೇರಿದ ಕಾಂಪ್ಲೆಕ್ಸ್ ಅಂತ ಬೇರೆಬೇರೆ ಟ್ಯೂಬ್ ಇಡಬೇಕು. ಲಿಗ್ಯಾಂಡ್ ಒಂದೇ ಅಷ್ಟು ಕೆಲಸ ಮಾಡಿದರೆ ಲೋಹ ಸುಮ್ನೆ ಹಾಕಿದಂತೆ, ಅಲ್ವಾ? ಪ್ರೋಟೀನು ಇಡುವ ಬಫರ್ ದ್ರಾವಣದಲ್ಲೂ ಕಳ್ಳನಿದ್ದಾನೆ. ಅದರಲ್ಲಿರುವ, ಲೋಹ ಹಿಡಿದಿಡುವ ಇಜಿಟಿಎ ಎಂಬ ರಾಸಾಯನಿಕ ತಾಮ್ರವನ್ನು ಕಸಿದುಕೊಳ್ಳಬಲ್ಲದು. ಕಾಂಪ್ಲೆಕ್ಸ್ ಬಫರಿನಲ್ಲಿ ಒಡೆಯದೆ ಉಳಿಯಿತಾ ಅಂತ ಸ್ಪೆಕ್ಟ್ರಮ್ ತೆಗೆದು ನೋಡುತ್ತಿದ್ದೆ. ಕಾಂಪ್ಲೆಕ್ಸ್ ಕರಗಿಸುವ ದ್ರಾವಕ ಡಿಎಂಎಸ್‌ಒ ಎಲ್ಲ ಟ್ಯೂಬಿಗೂ ಒಂದೇ ಅಳತೆ, ಯಾಕೆಂದರೆ ಅದೂ ಕೊಳವೆ ಕಟ್ಟಲು ಕುಮ್ಮಕ್ಕು ಕೊಡುತ್ತದೆ. ಕೆಲವು ಪ್ರಬಂಧಗಳಲ್ಲಿ ಈ ಕಂಟ್ರೋಲ್‌ಗಳೇ ಕಾಣುವುದಿಲ್ಲ. ನನಗೆ ಅಂಥವುಗಳ ಮೇಲೆ ನಂಬಿಕೆ ಕಡಿಮೆ.

ಇಷ್ಟು ದಾಟಿದ್ದನ್ನು ಮಾತ್ರ ಕೋಶಗಳ ಮೇಲೆ ನೋಡಲು ಧಾರವಾಡದ ಗೆಳೆಯನಿಗೆ ಕಳಿಸಿದೆ. ಎಷ್ಟು ಕೋಶ ಸತ್ತವು ಅಂತ ಕೇಳಲಿಲ್ಲ. ತಾಮ್ರ ಕೊಲ್ಲುವುದಕ್ಕೆ ದಾರಿ ಹಲವು. ವಿಭಜನೆಯ ನಡುವೆ ನಿಂತುಬಿಟ್ಟ ಕೋಶಗಳು ಜಾಸ್ತಿ ಆದವಾ, ಬಣ್ಣ ಹಾಕಿದಾಗ ಸ್ಪಿಂಡಲ್ (ಕ್ರೋಮೋಸೋಮು ಎಳೆಯುವ ಕೊಳವೆಗಳ ಕಟ್ಟು) ಕೆಟ್ಟು ಕಂಡಿತಾ, ಅದನ್ನೇ ಬರೆದು ಕಳಿಸು ಅಂದೆ.